ಪಂತಮ್ಮನವರ ನಾತದ ಹೂವು

ಕಳೆದ ವಾರ ನಮ್ಮ ಅಟ್ಟದ ಮೇಲೆ ಎಲ್ಲೋ ಇಲಿ ಸತ್ತಿತ್ತು. ಮನೆಯವರೆಲ್ಲ ಮೂಗಿಗೆ ಬಟ್ಟೆ ಒತ್ತಿಕೊಂಡು ಮೂಟೆಗಳನ್ನು ಎತ್ತಿ ಎತ್ತಿ ಹುಡುಕುತ್ತಿದ್ದರೆ ನಾನೊಬ್ಬಳು ಜಗಲಿಯ ಮೇಲೆ ಕೂತು ನಗುತ್ತಿದ್ದೆ. ಸೊಸೆಗೆ ಸಿಟ್ಟು ಬಂತು. "ಅತ್ತೆ, ನಿಮ್ಗೆ ನಾತ ಬರ್ತಿಲ್ವಾ?" ಅಂದಳು. ಬರುತ್ತಿತ್ತು. ಅದು ಮೂಗಿಗೆ ಬಡಿದ ಕೂಡಲೇ ನನಗೆ ಅಕ್ಷರ ಕಲಿಸಿದ ಪಂತಮ್ಮನವರು ಕಣ್ಣೆದುರು ಬಂದು ನಿಂತಿದ್ದರು. ಗುರುಗಳನ್ನು ಇಂಥ ವಾಸನೆಯಿಂದ ನೆನೆಯುವವಳು ಈ ನಂಜನಗೂಡಿನಲ್ಲಿ ನಾನೊಬ್ಬಳೇ ಇರಬೇಕು.

ನಾನು ಹುಟ್ಟಿ ಬೆಳೆದದ್ದು ತಿರುಮಕೂಡಲು ನರಸೀಪುರದಲ್ಲಿ. ಹೆಣ್ಣು ಮಕ್ಕಳಿಗೆಂದು ಮಹಾರಾಜರ ಸರ್ಕಾರ ಅಲ್ಲೊಂದು ಶಾಲೆ ತೆರೆದಾಗ ಪಾಠ ಹೇಳಲು ಬಂದವರು ಒಬ್ಬ ಚಿಕ್ಕ ವಯಸ್ಸಿನ ವಿಧವೆ. ಹೆಂಗಸು ಮೇಷ್ಟರನ್ನು ಆಗ ಪಂತಮ್ಮ ಎನ್ನುತ್ತಿದ್ದರು. ನಮಗೂ ಅವರು ಬರೀ ಪಂತಮ್ಮನವರು. ಕೆಂಪು ಸೀರೆ, ತಲೆಯ ಮೇಲೆ ಎಳೆದ ಸೆರಗು, ಸೆರಗಿನ ಕೆಳಗೆ ನೆಟ್ಟಗೆ ನೋಡುವ ಎರಡು ಕಣ್ಣು. ಬೆಳಿಗ್ಗೆ ಅವರು ಎದುರಿಗೆ ಬಂದರೆ ಕೆಲವರು ಅಪಶಕುನವೆಂದು ಮನೆಗೆ ಹಿಂತಿರುಗಿ ನೀರು ಕುಡಿದು ಮತ್ತೆ ಹೊರಡುತ್ತಿದ್ದರು. ಪಂತಮ್ಮನವರು ಅದನ್ನು ಕಂಡರೂ ಕಾಣದ ಹಾಗೆ ನಡೆಯುತ್ತಿದ್ದರು.

ಶಾಲೆ ನಡೆಯುತ್ತಿದ್ದದ್ದು ರಾಗಿ ಮಂಡಿ ಸಾಹುಕಾರರ ಖಾಲಿ ಮನೆಯಲ್ಲಿ. ಹಿತ್ತಲಿನಲ್ಲಿ ಒಂದು ಬಾವಿ ಇತ್ತು. ಪಂತಮ್ಮನವರ ತವರು ನಂಜನಗೂಡು. ಅವರ ತಂದೆ ಗಿಡಮೂಲಿಕೆ ಬಲ್ಲ ಪಂಡಿತರು. ಒಂದು ಸಲ ತವರಿಗೆ ಹೋಗಿ ಬರುವಾಗ ಪಂತಮ್ಮನವರು ಎತ್ತಿನ ಗಾಡಿಯಲ್ಲಿ ಎರಡು ದೊಡ್ಡ ಸುವರ್ಣಗೆಡ್ಡೆ ತಂದರು. ಹುಳಿ ಮಾಡಲು ತಂದಿರಬೇಕೆಂದು ನಾವು ತಿಳಿದಿದ್ದೆವು. ಅವರು ಒಂದನ್ನು ಗೋಡೆ ಪಕ್ಕ, ಇನ್ನೊಂದನ್ನು ಬಾವಿಯ ಆಚೆ ಹೂತರು. "ಇದನ್ನ ಯಾರೂ ಕೀಳಕೂಡದು" ಎಂದರು. ನಮ್ಮ ಕಡೆ ಗೆಡ್ಡೆಯನ್ನು ಹೂ ಬಿಡುವ ತನಕ ಯಾರೂ ನೆಲದಲ್ಲಿ ಬಿಡುತ್ತಿರಲಿಲ್ಲ. ಬೆಳೆದ ಕೂಡಲೇ ಕಿತ್ತು ಅಡಿಗೆಗೆ ಹಾಕುವುದು ವಾಡಿಕೆ. ಹಾಗಾಗಿ ಅದರ ಹೂವನ್ನು ಕಂಡವರೇ ನಮ್ಮಲ್ಲಿ ಇರಲಿಲ್ಲ.

ಎರಡು ವರ್ಷ ಕೊಡೆಯಂಥ ಎಲೆ ಬಂತು, ಒಣಗಿತು. ಮೂರನೆಯ ಮುಂಗಾರಿಗೆ ಗೋಡೆ ಪಕ್ಕದ ಗೆಡ್ಡೆಯಿಂದ ಎಲೆಯ ಬದಲು ಒಂದು ಮೊಗ್ಗು ನೆಲ ಸೀಳಿಕೊಂಡು ಎದ್ದಿತು. ಅದರ ಹಿಂದೆಯೇ ಬಾವಿಯಾಚೆಯೂ ಒಂದು ಎದ್ದಿತು. ಒಂದು ದಿನ ಮಧ್ಯಾಹ್ನ ಮಗ್ಗಿ ಒಪ್ಪಿಸುತ್ತಿದ್ದಾಗ ಹೆಣ ಕೊಳೆತಂಥ ನಾತ ನುಗ್ಗಿತು. ಇಬ್ಬರು ಹುಡುಗಿಯರು ವಾಂತಿ ಮಾಡಿಕೊಂಡರು. ಸ್ವಲ್ಪ ಹೊತ್ತಿಗೆ ಬೀದಿಯವರು ಸೇರಿದರು. ಸಾಹುಕಾರರು ಧೋತರದ ತುದಿಯನ್ನು ಮೂಗಿಗೆ ಹಿಡಿದುಕೊಂಡು ಹಿತ್ತಲಿಗೆ ಬಂದರು. ಗೋಡೆಯ ಬುಡದಲ್ಲಿ ಕಂಡದ್ದೇನು! ಹಸಿ ಮಾಂಸದ ಬಣ್ಣದ, ಸುಕ್ಕುಸುಕ್ಕಾದ, ಮೊರದಗಲ ಬಾಯಿ ತೆರೆದ ಒಂದು ವಿಕಾರ. ನಡುವೆ ಮೆದುಳಿನಂಥ ಗುಬುಟು.

"ಏನವ್ವಾ ಇದು, ದೆವ್ವ ಸಾಕಿದ್ದೀಯಾ?" ಎಂದರು ಸಾಹುಕಾರರು.

"ಹೂವು ಸಾಹುಕಾರ್ರೇ. ಸುವರ್ಣಗೆಡ್ಡೆ ಹೂವು."

"ಊವ ಇಂಗ್ ನಾರ್ತದಾ? ಲೇ, ಗುದ್ಲಿ ತಕ್ಕೊಂಬನ್ರೋ! ಇದ್ನ ಅಗ್ದು ಬಿಸಾಕಿ, ಮನೆ ಸಾರ್ಸಿ, ಬೀಗ ಹಾಕ್ಬುಡ್ತೀನಿ. ನಿನ್ನ ಇಸ್ಕೂಲೂ ಬ್ಯಾಡ, ಏನೂ ಬ್ಯಾಡ."

ಹಿಂದಿನಿಂದ ಯಾರೋ, ಮುಂಡೆ ಕಾಲಿಟ್ಟ ಮನೆಯಲ್ಲಿ ಇನ್ನೇನು ಅರಳುತ್ತದೆ ಎಂದರು. ನನಗೆ ಈಗಲೂ ಆ ದನಿ ಕೇಳಿಸುತ್ತದೆ...

ಪಂತಮ್ಮನವರು ಹೂವಿಗೆ ಅಡ್ಡ ನಿಂತು ಎರಡೂ ಕೈ ಅಗಲಿಸಿದರು. ಗುದ್ದಲಿ ಹಿಡಿದವನು ಅವರನ್ನು ಮುಟ್ಟುವಂತಿರಲಿಲ್ಲ, ಅಲ್ಲೇ ನಿಂತ.

"ನಾಳೆ ಸಾಯಂಕಾಲದವರೆಗೆ ವಾಯಿದೆ ಕೊಡಿ. ಅಷ್ಟರೊಳಗೆ ಈ ನಾತ ತಾನಾಗೇ ಹೋಗದೇ ಇದ್ರೆ ನಾನೇ ಬೀಗ ಹಾಕಿ ಕೀಲಿಕೈ ನಿಮಗೆ ಕೊಟ್ಟು ನಂಜನಗೂಡಿಗೆ ಹೋಗ್ತೀನಿ."

ಸಾಹುಕಾರರು ಮಾತಿಗೆ ಬೆಲೆ ಕೊಡುವವರು. "ಆಗ್ಲಿ, ಅದೂ ನೋಡೇ ಬುಡವಾ" ಎಂದು ಹೋದರು.

ಜನ ಚದುರಿದ ಮೇಲೆ ನಾವು ನಾಲ್ಕೈದು ಹುಡುಗಿಯರು ಉಳಿದಿದ್ದೆವು. ಪಂತಮ್ಮನವರು ನಮ್ಮನ್ನು ಹತ್ತಿರ ಕರೆದರು. "ಹೂವಿನ ಮೇಲೆ ಕೈ ಇಟ್ಟು ನೋಡಿ" ಎಂದರು. ನಾನು ಮೂಗು ಮುಚ್ಚಿಕೊಂಡು ಕೈ ಚಾಚಿದೆ. ಹೂವು ಬೆಚ್ಚಗಿತ್ತು! ಜ್ವರ ಬಂದ ಮಗುವಿನ ಹಣೆಯ ಹಾಗೆ. "ಸಾಂಬ್ರಾಣಿ ಡಬ್ಬಿಯಲ್ಲಿದ್ದಾಗ ಮನೆಯೆಲ್ಲಾ ಘಮ್ಮನ್ನುತ್ತಾ? ಕೆಂಡದ ಮೇಲೆ ಹಾಕಿದರೆ ತಾನೇ? ಈ ಹೂವು ತನ್ನ ಕೆಂಡ ತಾನೇ ಮಾಡಿಕೊಳ್ಳುತ್ತೆ. ಒಳಗಿರೋ ರಸ ಆ ಬಿಸಿಗೆ ಗಾಳಿಗೇಳುತ್ತೆ" ಎಂದರು. ಯಾರಿಗಾಗಿ ಎಂದು ಕೇಳಿದೆ. ಹೂವಿನ ತಳಕ್ಕೆ ಬೆರಳು ತೋರಿಸಿದರು. ಸಣ್ಣ ಕಪ್ಪು ಜೀರುಂಡೆಗಳು ಒಂದರ ಹಿಂದೊಂದು ಒಳಗಿಳಿಯುತ್ತಿದ್ದವು. ಅವು ಸತ್ತ ಪ್ರಾಣಿಯನ್ನು ಹುಡುಕಿಕೊಂಡು ತಿರುಗುವ ಹುಳುಗಳು ಎಂದರು. ಮಲ್ಲಿಗೆ ಮುಸ್ಸಂಜೆಯ ಪತಂಗಗಳನ್ನು ಕರೆಯುವ ಹಾಗೆ ಇದು ಇವುಗಳನ್ನು ಕರೆಯುತ್ತದೆ. ಒಂದು ಹೂವಿನ ಪರಾಗದ ಹುಡಿಯನ್ನು ಇವು ಇನ್ನೊಂದಕ್ಕೆ ಮುಟ್ಟಿಸದೆ ಕಾಯಿ ಕಟ್ಟುವುದಿಲ್ಲ. ನಾಳೆ ಹುಡಿ ಉದುರುತ್ತದೆ, ಕರೆಯುವ ಕೆಲಸ ಮುಗಿದು ನಾತವೂ ನಿಲ್ಲುತ್ತದೆ. ಇದನ್ನೆಲ್ಲ ಅವರು ಚಿಕ್ಕವರಿದ್ದಾಗ ತಂದೆಯ ಹಿತ್ತಲಿನಲ್ಲಿ ಒಮ್ಮೆ ಕಂಡಿದ್ದರಂತೆ. ಒಮ್ಮೆ ಮಾತ್ರ! ಅಷ್ಟರ ಧೈರ್ಯದ ಮೇಲೆ ಶಾಲೆಯನ್ನೇ ಪಣಕ್ಕಿಟ್ಟಿದ್ದರು.

ಮಾರನೆಯ ದಿನ ಅಪ್ಪ ನನ್ನನ್ನು ಶಾಲೆಗೆ ಬಿಡಲಿಲ್ಲ. ಅಜ್ಜಿಯೇ ನನ್ನ ಕೈ ಹಿಡಿದು ಎದ್ದಳು. "ಊವ ಅಂದ್ಮೇಲೆ ಅದ್ನೂ ಆ ಶಿವ್ನೇ ಮಾಡಿದ್ದು ತಾನೇ? ನಡಿ ಮಗಾ, ನಾನೂ ಒಂದ್ಸಲ ನೋಡ್ಬುಡ್ತೀನಿ." ಶಾಲೆಯಲ್ಲಿ ನನ್ನನ್ನು ಬಿಟ್ಟರೆ ಇನ್ನೊಬ್ಬಳೇ ಹುಡುಗಿ ಬಂದಿದ್ದಳು. ಪಂತಮ್ಮನವರು ಏನೂ ಆಗದವರಂತೆ ಪಾಠ ಮಾಡಿದರು. ನಡುನಡುವೆ ಎದ್ದು ಹಿತ್ತಲಿಗೆ ಹೋಗಿ ಮೂಸಿ ಬರುತ್ತಿದ್ದರು. ಬೆಳಿಗ್ಗೆ ನಾತ ಇತ್ತು. ಊಟದ ಹೊತ್ತಿಗೂ ಇದ್ದ ಹಾಗಿತ್ತು. ಆಮೇಲೆ... ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ಅಜ್ಜಿ ಮೂಗಿನಿಂದ ಸೆರಗು ತೆಗೆದು ಉಸಿರೆಳೆದು, "ಓಯ್ತು ಕಣವ್ವಾ!" ಎಂದು ಕೂಗಿದಳು.

ಸಂಜೆ ಸಾಹುಕಾರರು ಅರ್ಧ ಬೀದಿಯನ್ನು ಹಿಂದಿಟ್ಟುಕೊಂಡು ಬಂದರು. ಹಿತ್ತಲಿನ ತುಂಬ ಸುತ್ತಾಡಿ ಮೂಸಿದರು. ಕೊನೆಗೆ ಹೂವಿಗೇ ಮೂಗು ಇಟ್ಟರು. ಮಳೆ ಬಿದ್ದ ಮಣ್ಣಿನ ವಾಸನೆ ಬಿಟ್ಟು ಇನ್ನೇನೂ ಇಲ್ಲ. ಪಂತಮ್ಮನವರು ಹೂವಿನ ಅಂಚನ್ನು ಮೆಲ್ಲಗೆ ಬಾಗಿಸಿದರು. ಒಳಗಿನಿಂದ ಜೀರುಂಡೆಗಳು ಮೈತುಂಬ ಹಳದಿ ಹುಡಿ ಬಳಿದುಕೊಂಡು ಹೊರಟು ಹಾರಿದವು. ಬಾವಿಯಾಚೆಯ ಬಿರಿಯುತ್ತಿದ್ದ ಮೊಗ್ಗನ್ನು ತೋರಿಸಿ ಅವರು ಎಲ್ಲರಿಗೂ ಕೇಳುವಂತೆ ಹೇಳಿದರು: "ನಾಳೆ ಇದು ನಾರುತ್ತೆ. ಇದೇ ಹುಳ ಅಲ್ಲಿಗೆ ಹೋಗುತ್ತೆ. ಬಂದು ನೋಡಿ."

ನಾರಿತು! ನಾತಕ್ಕೆ ಅಷ್ಟು ಜನ ಕಾದು ಕೂತದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮೊದಲ ಹಳದಿ ಬೆನ್ನಿನ ಹುಳ ಹೊಸ ಹೂವಿನೊಳಗೆ ಇಳಿದದ್ದನ್ನು ಕಂಡವರು ಸಾಹುಕಾರರೇ. "ಬಂತು ಕಣ್ರೋ! ಅದೇ ಹುಳ ಕಣ್ರೋ!" ಎಂದು ಎಳೆ ಹುಡುಗನಂತೆ ಕುಣಿದರು. ಮನೆಗೆ ಓಡಿ ಹೋಗಿ ಹೆಂಡತಿಯನ್ನು ಕರೆತಂದರು. ಮಾರನೆಯ ವಾರ ತಮ್ಮ ಇಬ್ಬರು ಹೆಣ್ಣು ಮೊಮ್ಮಕ್ಕಳನ್ನು ತಾವೇ ತಂದು ಚಾಪೆಯ ಮೇಲೆ ಕೂರಿಸಿದರು. "ಇವ್ರಿಗೂ ಒಸಿ ಬುದ್ಧಿ ಕಲ್ಸವ್ವಾ" ಎಂದರು. ಅಪ್ಪ ಮತ್ತೆ ನನ್ನನ್ನು ತಡೆಯಲಿಲ್ಲ. ನವರಾತ್ರಿಯ ಹೊತ್ತಿಗೆ ಗೋಡೆಯ ಪಕ್ಕದ ಹೂವು ಕೊಳೆತು ಮಣ್ಣಾಗಿತ್ತು. ಬಾವಿಯಾಚೆಯದರ ದಂಟಿನ ತುಂಬ ಹವಳದಂಥ ಹಣ್ಣು. ಅದನ್ನು ಕಂಡ ದಿನ ಪಂತಮ್ಮನವರು ಹಲ್ಲು ಕಾಣುವಂತೆ ನಕ್ಕರು. ಅಷ್ಟು ವರ್ಷಗಳಲ್ಲಿ ನಾನು ಕಂಡ ಒಂದೇ ತುಂಬು ನಗು ಅದು.

ಆ ಮನೆಯಲ್ಲಿ ಜಾಗ ಸಾಲದೆ ಶಾಲೆ ದೊಡ್ಡ ಕಟ್ಟಡಕ್ಕೆ ಹೋಯಿತು. ಅದನ್ನು ನೋಡಲು ಅವರಿರಲಿಲ್ಲ. ಪ್ಲೇಗಿನ ವರ್ಷ ತಂದೆಯ ಆರೈಕೆಗೆಂದು ನಂಜನಗೂಡಿಗೆ ಹೋದವರು ಹಿಂತಿರುಗಲಿಲ್ಲ. ಮುಂದೆ ನಾನು ಮದುವೆಯಾಗಿ ಇದೇ ಊರಿಗೆ ಬಂದಾಗ ಕಪಿಲೆಯ ದಡದ ಬೀದಿಗಳಲ್ಲಿ ಅವರ ಮನೆ ಹುಡುಕಿದೆ. ತೋರಿಸುವವರೇ ಸಿಗಲಿಲ್ಲ...

ಇಷ್ಟನ್ನೂ ನನ್ನ ಕೈಯಾರೆ ಬರೆದಿದ್ದೇನೆ. ಆ ಸಂಜೆ ಅವರು ಸೋತಿದ್ದರೆ ನನ್ನ ಬರಹ ಹೆಸರು ಬರೆಯುವಷ್ಟಕ್ಕೇ ನಿಂತುಬಿಡುತ್ತಿತ್ತು. ಬರೆದದ್ದನ್ನು ಅವರೆದುರು ಹಿಡಿದಿದ್ದರೆ ಹೊಗಳುತ್ತಿರಲಿಲ್ಲ, ಮೊದಲು ಒತ್ತಕ್ಷರದ ತಪ್ಪು ತಿದ್ದುತ್ತಿದ್ದರು. ತಪ್ಪುಗಳು ಇವೆ. ತಿದ್ದುವವರಿಲ್ಲ.