ವಾಷರಣ್ಣನ ಹಿಂದಿನ ಚಕ್ರ

ಅವನನ್ನು ಊರೆಲ್ಲ ವಾಷರಣ್ಣ ಎಂದು ಕರೆಯುವುದು ಪ್ರೀತಿಗಲ್ಲ. ಯಾರ ಮನೆಯ ನಲ್ಲಿ ಸೋರಿದರೂ, ಗೋಡೆಯೊಳಗಿನ ಪೈಪೇ ಒಡೆದಿದ್ದರೂ, ಈ ಪ್ಲಂಬರ್ ಮೊದಲು ಹೇಳುವ ಮಾತು ಒಂದೇ: "ವಾಷರ್ ಹೋಗಿದೆ, ಹಾಕಿದ್ರೆ ಆಯ್ತು." ಹಾಕುತ್ತಾನೆ, ಆಗುವುದಿಲ್ಲ. ಆಮೇಲೆ ತಲೆ ಕೆರೆದುಕೊಂಡು, ಗೋಡೆ ಕೆರೆದು, ಕೊನೆಗೆ ಕೆಲಸ ಸರಿಮಾಡಿಯೇ ಏಳುತ್ತಾನೆ. ಕೈ ಒಳ್ಳೆಯದು. ತಲೆ ಮಾತ್ರ ಎರಡು ದಾರಿ ಕೂಡುವಲ್ಲಿ ಕಕ್ಕಾಬಿಕ್ಕಿಯಾಗಿ ನಿಂತುಬಿಡುತ್ತದೆ.

ನೀರು ಬಿಡುವ ಕೆಲಸಗಾರರು ಮುಷ್ಕರ ಹೂಡಿದ ವರ್ಷ ಅವನೂ ಅವರ ಜೊತೆ ರಸ್ತೆಯಲ್ಲಿ ಕೂತಿದ್ದ. ಎದುರುಮನೆಯ ಮುದುಕಿ ಬಂದು, ತೊಟ್ಟಿಯ ನಲ್ಲಿ ಸೋರಿ ಇರುವ ನೀರೂ ಹೋಗುತ್ತಿದೆ ಎಂದಳು. ರಿಪೇರಿ ಮಾಡಿದರೆ ಮುಷ್ಕರ ಮುರಿದ ಹಾಗೆ, ಮಾಡದಿದ್ದರೆ ಮುದುಕಿಯ ಗಂಟಲು ಒಣಗಿಸಿದ ಹಾಗೆ. ಇವನು ನಲ್ಲಿಯ ಕೆಳಗೆ ಬಕೆಟ್ ಇಟ್ಟ. ಅದು ತುಂಬಿದಾಗಲೆಲ್ಲ ಘೋಷಣೆ ಅರ್ಧಕ್ಕೆ ಬಿಟ್ಟು ಓಡಿಹೋಗಿ ತೊಟ್ಟಿಗೇ ವಾಪಸ್ ಸುರಿದು ಬಂದ. ಮುಷ್ಕರ ಗೆದ್ದಿತು. ಮುದುಕಿ ಇವತ್ತಿಗೂ ಬೈಯುತ್ತಾಳೆ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ಗುಡ್ಡದ ನೆತ್ತಿಯಿಂದ ಸೈಕಲ್ಲಿನಲ್ಲಿ ಕೆಳಗೆ ಧುಮುಕುವವಳು. ಹೋದ ವರ್ಷ ಹಾಗೆ ಇಳಿಯುವಾಗ ಹಿಂದಿನ ಚಕ್ರದ ಹಿಡಿ ಬಂಡೆಗೆ ಸಿಕ್ಕಿ ಸಡಿಲಾಯಿತು. ಚಕ್ರ ಒಂದು ಕಡೆ, ಹುಡುಗಿ ಇನ್ನೊಂದು ಕಡೆ, ಹೆಗಲ ಮೂಳೆ ಎರಡು ತುಂಡು. ಮೂಳೆ ಕೂಡಿತು. ಬಸ್ ಕಂಡಕ್ಟರ್ ಆಗಿದ್ದ ಅವಳ ತಾಯಿಯ ಮನಸ್ಸು ಕೂಡಲಿಲ್ಲ.

"ಚಕ್ರ ಕಳಚಿಕೊಳ್ಳೋ ಸೈಕಲ್ಲು ಈ ಹೊಸ್ತಿಲು ದಾಟಲ್ಲ," ಎಂದಳು ಕಂಡಕ್ಟರಮ್ಮ. "ದಾಟೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ದಾಟ್ಲಿ."

ಭಾನುವಾರ ಗುಡ್ಡ ಇಳಿಯುವ ಸೈಕಲ್ ತಂಡದ ಆಯ್ಕೆ. ಅವತ್ತು ಇಳಿಯದಿದ್ದರೆ ಹುಡುಗಿಗೆ ಈ ವರ್ಷ ತಂಡವಿಲ್ಲ. ಅದಕ್ಕೇ ಅವಳು ಅಪ್ಪನ ಬೆನ್ನು ಹತ್ತಿದಳು.

"ಇದು ಕ್ವಿಕ್ ರಿಲೀಸ್, ಅಪ್ಪ. ಚೌಕಟ್ಟಿನ ತುದಿಗೆ ತೆರೆದ ಬಾಯಿ ಇರತ್ತೆ, ಚಕ್ರ ಅದರಲ್ಲಿ ಕೂರತ್ತೆ, ಹಿಡಿ ಒತ್ತಿ ಹಿಡ್ಕೊಳತ್ತೆ. ಹಿಡಿ ಬಿಟ್ರೆ ಬಾಯಿ ಕಕ್ಕತ್ತೆ. ಥ್ರೂ ಆಕ್ಸಲ್ ಅಂತ ಇನ್ನೊಂದಿದೆ, ಅದನ್ನ ಹಾಕ್ಕೊಡು. ಅದಕ್ಕೆ ಬಾಯೇ ಇಲ್ಲ, ಬರೀ ತೂತು. ಬೆರಳು ದಪ್ಪದ ಸಲಾಕೆ ಈ ಕಡೆಯಿಂದ ಹೋಗಿ, ಚಕ್ರದ ನಡು ತೂರಿ, ಆ ಕಡೆ ತಿರುಪಿನಲ್ಲಿ ಸಿಕ್ಕೊಳತ್ತೆ."

"ಮೊದಲನೇದು ಚಿಲಕ, ಎರಡನೇದು ಅಗುಳಿ," ಎಂದ ವಾಷರಣ್ಣ. ಅಷ್ಟು ಅವನಿಗೆ ತಿಳಿಯಿತು. ಅಲ್ಲಿಂದಾಚೆ ತಿಳಿಯಲಿಲ್ಲ.

ಅದೃಷ್ಟಕ್ಕೆ ಅವಳ ಸೈಕಲ್ಲಿನಲ್ಲಿ ಆ ತುದಿಯ ಲೋಹದ ತುಂಡುಗಳನ್ನು ಬಿಚ್ಚಿ ಬೇರೆ ಕೂರಿಸಬಹುದಿತ್ತು. ತೂತಿನ ತುಂಡುಗಳು ಸೈಕಲ್ ಕಂಪನಿಯಿಂದಲೇ ಬಂದವು. ಚಕ್ರವೂ ಸಲಾಕೆಯೂ ಸೈಕಲ್ ಓಟ ಬಿಟ್ಟ ಗೆಳತಿಯೊಬ್ಬಳದು. ಶನಿವಾರ ಮಧ್ಯಾಹ್ನ ಬಚ್ಚಲ ಪಕ್ಕದ ಅಂಗಳದಲ್ಲಿ ಸೈಕಲ್ಲು ತಲೆಕೆಳಗಾಗಿ ಕೂತಿತು. ಸಲಾಕೆ ಎರಡು ಸುತ್ತು ಹೋಯಿತು, ನಿಂತಿತು. ವಾಷರಣ್ಣ ಹಿಂದೆ ತೆಗೆದ, ಒರೆಸಿದ, ಎಣ್ಣೆ ಬಿಟ್ಟ. ಮತ್ತೆ ಎರಡೇ ಸುತ್ತು, ಅದೂ ಗಿಲಿಗಿಲಿ ಎನ್ನುತ್ತ.

ತಿರುಪು ಗಿಲಿಗಿಲಿ ಎಂದರೆ ಪ್ಲಂಬರನ ಕೈ ಎಲ್ಲಿಗೆ ಹೋಗುತ್ತದೆ? ಜೇಬಿಗೆ. ಬಿಳಿ ಟೇಪಿನ ಸುರುಳಿ ತೆಗೆದು, ಪೈಪಿಗೆ ಸುತ್ತುವಂತೆ ತಿರುಪಿಗೆ ನೀಟಾಗಿ ಸುತ್ತಿ, ಮೈಯೆಲ್ಲ ಬಲ ಹಾಕಿ ತಿರುಗಿಸಿದ. ಇನ್ನೂ ಚೂರು ಒಳಗೆ ಹೋಗಿ ಬಂಡೆಯ ಹಾಗೆ ಬಿಗಿಯಾಯಿತು.

"ಒಂದು ಹನಿ ಬೀಳಲ್ಲ, ನೋಡು!"

"ಅಪ್ಪ, ಇದು ಚಕ್ರ. ನೀರಿನ ಪೈಪಲ್ಲ," ಎಂದು ಮಗಳು ಚಕ್ರ ಹಿಡಿದು ಅತ್ತಿತ್ತ ಅಲ್ಲಾಡಿಸಿದಳು. ಟಕ್. "ಇದೇನು ಸದ್ದು?"

"ಬೇರಿಂಗ್ ಹೋಗಿರ್ಬೇಕು."

"ಮೊನ್ನೆ ಹಾಕ್ಸಿದ್ದು."

"ಕಡ್ಡಿ ಸಡಿಲ?"

"ಎಲ್ಲಾ ನೋಡಿದೆ."

"ಹಾಗಾದ್ರೆ ವಾಷ..."

"ಅಪ್ಪಾ!"

ಇನ್ನೂ ಟೇಪು ಸುತ್ತಿದ. ಸದ್ದು ನಿಂತಿತು. ಅಪ್ಪ ಗೆದ್ದೆ ಎಂದುಕೊಂಡ. ಮಗಳಿಗೆ ಇಳಿಯುವ ಆಸೆ, ಅವಳೂ ನಂಬಿದಳು.

ಭಾನುವಾರ ಬೆಳಿಗ್ಗೆ ಸೈಕಲ್ಲು ಹೊತ್ತ ಲಾರಿಯಲ್ಲೇ ಮೂವರೂ ಗುಡ್ಡ ಹತ್ತಿದರು. ದಾರಿಯುದ್ದಕ್ಕೂ ಗುಂಡಿ, ಸೈಕಲ್ಲು ಕುಣಿಯುತ್ತಲೇ ಬಂತು. ಇಳಿದ ಕೂಡಲೇ ಕಂಡಕ್ಟರಮ್ಮ ಟಿಕೆಟ್ ತಪಾಸಣೆಯವರ ಗತ್ತಿನಲ್ಲಿ ಚಕ್ರಕ್ಕೆ ಕೈ ಹಾಕಿ ಜಗ್ಗಿದಳು. ಟಕ್. ಇನ್ನೊಮ್ಮೆ. ಟಕ್.

"ಇದೇನ್ರೀ?"

"ಬಿಗಿಯಾಗಿದೆ ಕಣೇ! ಸಲಾಕೆ ನೀನೇ ತಿರುಗ್ಸಿ ನೋಡು, ಅಲ್ಲಾಡಲ್ಲ."

"ಸಲಾಕೆ ಅಲ್ಲಾಡಲ್ಲ, ಚಕ್ರ ಅಲ್ಲಾಡತ್ತೆ. ನನ್ನ ಮಗಳು ಕೂರೋದು ಯಾವುದರ ಮೇಲೆ?"

ವಾಷರಣ್ಣ ಪಾನಾ ಎತ್ತಿಕೊಂಡ. ಒದ್ದಾಡಿ ಸಲಾಕೆ ಹೊರಗೆ ಎಳೆದ. ಟೇಪು ನಾಯಿ ಅಗಿದ ಬಟ್ಟೆಯಾಗಿತ್ತು. ಆಗ ಅವನು ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದ: ಬಿಡಿ ತಿರುಪಿನ ತುಂಡನ್ನು ಚೌಕಟ್ಟಿನಿಂದ ಬಿಚ್ಚಿ, ಸಲಾಕೆಯ ಪಕ್ಕ ಬಿಸಿಲಿಗೆ ಹಿಡಿದು, ಹಲ್ಲಿಗೆ ಹಲ್ಲು ಹೋಲಿಸಿದ. ಒಂದರ ಹಲ್ಲು ಸಣ್ಣ, ಒತ್ತೊತ್ತು. ಇನ್ನೊಂದರದು ಒರಟು, ದೂರ ದೂರ. ಇವೆರಡು ಏಳೇಳು ಜನ್ಮಕ್ಕೂ ಕೂಡುವ ಜೋಡಿಯಲ್ಲ. ಟೇಪು ನಡುವೆ ಕೂತು ಸುಳ್ಳು ಬಿಗಿ ತೋರಿಸಿತ್ತು.

ಹಳೇ ಚಕ್ರ ಮನೆಯಲ್ಲಿ. ತಂದಿದ್ದರೂ ತಾಯಿ ಬಿಡುತ್ತಿರಲಿಲ್ಲ. ಹುಡುಗಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮಣ್ಣಲ್ಲಿ ಕೂತಳು. ಅಳಲಿಲ್ಲ; ಮುಂದೆ ಸಾಲಿನಲ್ಲಿ ನಿಂತ ಬೇಕರಿಯವನ ಮಗಳ ಸೈಕಲ್ಲನ್ನೇ ದುರುಗುಟ್ಟಿ ನೋಡುತ್ತಿದ್ದಳು.

"ಅಪ್ಪ, ಅವಳದೂ ಇದೇ ಕಂಪನಿ, ಇದೇ ಅಳತೆ. ಒಬ್ಬೊಬ್ಬರೇ ಇಳಿಯೋದು. ಅವಳು ನನಗಿಂತ ತುಂಬಾ ಮುಂದೆ ಇದಾಳೆ. ಅವಳು ಇಳಿದ್ಮೇಲೆ ಅವಳ ಸಲಾಕೆ ನನಗೆ ಹಾಕ್ಬಹುದು."

ಬೇಕರಿಯವನು ಮುಖ ಊದಿಸಿದ. "ನಮ್ಮ ಹುಡುಗಿಗೆ ಪೋಟಿ ಕೊಡೋಕೆ ನಮ್ಮ ಸಾಮಾನೇ ಬೇಕಾ?" ಅವನ ಮಗಳು ಹೆಲ್ಮೆಟ್ಟಿನೊಳಗಿಂದಲೇ ಅಂದಳು: "ಕೊಡಪ್ಪ. ಅವಳಿಲ್ದೆ ಗೆದ್ರೆ ಏನು ಸೊಗಸು?"

ಆದರೆ ಸಲಾಕೆ ಅವಳ ಜೊತೆ ಗುಡ್ಡದ ಬುಡಕ್ಕೆ ಹೋಗುತ್ತದೆ. ಅಲ್ಲಿಂದ ಮೇಲಕ್ಕೆ ತರುವವರು ಯಾರು? ವಾಷರಣ್ಣ ಲಾರಿ ನೋಡಿದ, ಕಾಲುದಾರಿ ನೋಡಿದ, ಮತ್ತೆ ಲಾರಿ ನೋಡಿದ. ಅವನು ಎರಡನ್ನೂ ನೋಡುತ್ತಿರುವಾಗಲೇ ಕಂಡಕ್ಟರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಾಲಿ ಲಾರಿ ಹತ್ತಿ ಕೆಳಗಿಳಿದಾಗಿತ್ತು.

ಹುಡುಗಿಯರು ಒಬ್ಬೊಬ್ಬರಾಗಿ ಇಳಿದರು. ಸಾಲು ಕರಗಿತು. ಇನ್ನೇನು ಮಗಳ ಸರದಿ ಬಂತು ಎನ್ನುವಾಗ ತಿರುವಿನ ಕೆಳಗಿಂದ ಸೀಟಿ ಕೇಳಿಸಿತು. ಹಿಂದೆಯೇ ಲಾರಿ, ಸಲಾಕೆ ಹಿಡಿದು ಬಾಗಿಲಿಗೆ ಜೋತುಬಿದ್ದ ಹೆಂಡತಿ. "ರೈಟ್, ರೈಟ್! ಎಲ್ಲೂ ನಿಲ್ಸ್ಬೇಡ, ಹೊಡಿ!" ಎಂದು ಡ್ರೈವರನ ಕಿವಿ ತೂತು ಮಾಡುತ್ತಿದ್ದಳು.

ವಾಷರಣ್ಣ ತಿರುಪಿನ ತುಂಡನ್ನು ಆಗಲೇ ಚೌಕಟ್ಟಿಗೆ ಕೂರಿಸಿಟ್ಟಿದ್ದ; ಸಲಾಕೆ ತೂರಿಸಿದ. ಎರಡು ಬೆರಳಿಗೇ ಸರಸರ ಒಳಗೆ ಹೋಯಿತು. ಅದೇ ಅವನಿಗೆ ಭಯ. ಇಷ್ಟು ಸಲೀಸಾಗಿ ಹೋಗುವುದು ನಿಲ್ಲುವುದುಂಟೇ? ಎಡಗೈ ತಾನಾಗಿ ಟೇಪಿನ ಜೇಬಿಗೆ ಹೋಯಿತು.

"ಅಪ್ಪಾ, ಕೈ ತೆಗಿ!"

ತೆಗೆದ. ಪಾನಾ ಹಾಕಿ ಕೊನೆಯ ಬಿಗಿ ಕೊಟ್ಟ. ಕಂಡಕ್ಟರಮ್ಮ ಚಕ್ರ ಜಗ್ಗಿದಳು, ಮತ್ತೆ ಜಗ್ಗಿದಳು. ಸದ್ದಿಲ್ಲ. ದಾರಿಯಿಂದ ಪಕ್ಕಕ್ಕೆ ಸರಿದು ನಿಂತಳು. ಬಾಯಲ್ಲಿ ಹೋಗು ಎನ್ನಲಿಲ್ಲ, ಸೀಟಿ ಊದಿದಳು.

ಹುಡುಗಿ ಮೊದಲ ತಿರುವಿನಲ್ಲೇ ಕಣ್ಮರೆಯಾದಳು. ಆಮೇಲೆ ಬರೀ ಧೂಳು. ಗಂಡಹೆಂಡಿರು ಧೂಳಿನತ್ತ ಕತ್ತು ಚಾಚಿ ನಿಂತರು. ಬಹಳ ಹೊತ್ತಿನ ಮೇಲೆ ಕೆಳಗಿನ ಮೈಕು ಗೊರಗುಟ್ಟಿತು: ತಂಡದ ಕೊನೆಯ ಜಾಗ ಪ್ಲಂಬರನ ಮಗಳಿಗೆ, ಅದಕ್ಕಿಂತ ಒಂದು ಮೇಲಿನದು ಬೇಕರಿಯವನ ಮಗಳಿಗೆ.

ಕಾಲುದಾರಿಯಲ್ಲಿ ಇಳಿಯುವಾಗ ವಾಷರಣ್ಣ ಆ ಕೂಡದ ಸಲಾಕೆಯ ಟೇಪನ್ನು ಉಗುರಲ್ಲಿ ಕೆರೆಯುತ್ತಲೇ ಬಂದ.

"ಅಲ್ಲ ಕಣೇ, ಇದೂ ಬಿಗಿಯಾಗೇ ಇತ್ತು, ಬೇಕರಿ ಹುಡುಗಿದೂ ಬಿಗಿಯಾಗೇ ಇದೆ. ಬಿಗಿ ಅಂದ್ರೆ ಬಿಗಿ ಅಲ್ವಾ?"

"ಬಸ್ಸು ತುಂಬಿರತ್ತೆ ರೀ," ಎಂದಳು ಅವಳು. "ತುಂಬಿದ ಮಾತ್ರಕ್ಕೆ ಎಲ್ಲಾ ಟಿಕೆಟ್ ತಗೊಂಡಿರ್ತಾರಾ?"

ಅವನಿಗೆ ಅರ್ಥವಾದ ಹಾಗಾಯಿತು. ನಾಲ್ಕು ಹೆಜ್ಜೆ ಇಳಿದ ಮೇಲೆ ಮತ್ತೆ ಆಗಲಿಲ್ಲ.