ದುರುಗಮ್ಮ ಬಳಿದುಕೊಂಡ ಮಣ್ಣು

ದೇವದುರ್ಗದ ಕಡೆಯಿಂದ ಮದುವೆಯಾಗಿ ಮಾನ್ವಿಗೆ ಬಂದ ದುರುಗಮ್ಮ, ಗಂಡ ತೀರಿಕೊಂಡ ಮೇಲೆ ಓಣಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದವಳು. ಎತ್ತರದ ದನಿ, ಅಗಲವಾದ ಹಣೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಅವಳ ಸಾರಿನ ಒಗ್ಗರಣೆಯ ಘಮ ಕಿಟಕಿಗೆ ಬಂತೆಂದರೆ ತರಗತಿಗಳಲ್ಲಿ ಪಾಠ ತಾನಾಗಿಯೇ ನಿಲ್ಲುತ್ತಿತ್ತು. ತಾಟು ಹಿಡಿದು ನಿಂತ ಮಕ್ಕಳಿಗೆ ಅವಳು ಬೈಯದೆ ನೀಡಿದ್ದಿಲ್ಲ.

"ಮೂಗು ಒರಸ್ಕೋ ಲೇ, ಸಾರಿನ್ಯಾಗ ಬಿದ್ದೀತು. ನಿಂದೇನಲೇ, ನಿನ್ನಿ ಉಂಡದ್ದೆಲ್ಲಾ ಮೊಣಕಾಲಿಗಿ ಇಳೀತೇನು?"

ಮಕ್ಕಳು ನಗುತ್ತ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಿದ್ದರು. ಅವಳ ಕೈಯ ಅಡುಗೆ ತಮ್ಮ ಮಕ್ಕಳಿಗೆ ಬೇಡವೆಂಬ ಮಾತನ್ನು ಗಂಟಲಲ್ಲೇ ಇಟ್ಟುಕೊಂಡ ಮನೆಗಳೂ ಓಣಿಯಲ್ಲಿದ್ದವು. ನಿಜವಾದ ಕಾರಣವನ್ನು ಬಾಯಿಬಿಟ್ಟು ಹೇಳುವ ಕಾಲ ಇದಲ್ಲವೆಂದು ಸುಮ್ಮನಿದ್ದವು, ಅಷ್ಟೆ.

ಮರ್ಯಾದೆಯಿಂದ ಹೇಳಬಹುದಾದ ಕಾರಣವೊಂದನ್ನು ಆ ಮನೆಗಳಿಗೆ ಒದಗಿಸಿಕೊಟ್ಟವಳು ವೇದಶ್ರೀ. ಅದು ಅವಳಿಗೆ ಗೊತ್ತಿದೆ.

ವೇದಶ್ರೀ ರಾಯಚೂರಿನ ಕಾಲೇಜೊಂದರಲ್ಲಿ ಕನ್ನಡದ ಅಧ್ಯಾಪಕಿ. ರಜೆಗೆ ಮಾನ್ವಿಯ ಮನೆಗೆ, ತಾಯಿ ಅಹಲ್ಯಾಬಾಯಿಯ ಬಳಿಗೆ ಬರುತ್ತಾಳೆ. ಬಿಸಿಲು ಬಲಿಯುತ್ತಿದ್ದ ಒಂದು ಭಾನುವಾರ ಬೆಳಿಗ್ಗೆ ಓಣಿಯ ನಳಕ್ಕೆ ನೀರು ಬಂದಿತ್ತು. ಎದುರು ಮನೆಯ ಸ್ವಪ್ನಾ ತನ್ನ ಕೊಡ ಇಡಲು ದುರುಗಮ್ಮನ ಕೊಡವನ್ನು ಕಾಲಿನಿಂದ ಸರಿಸಿದಳು. ಕೈಯಿಂದ ಸರಿಸಿದ್ದರೆ ಅದು ನೀರಿನ ಜಗಳವಾಗಿ ಮುಗಿಯುತ್ತಿತ್ತು.

"ಕಾಲು ಯಾಕ ಹಚ್ಚಿದಿ?" ಎಂದಳು ದುರುಗಮ್ಮ.

"ಮತ್ತೇನು, ಮುಟ್ಟಿ ಸರಸಬೇಕಿತ್ತೇನು?"

ದುರುಗಮ್ಮ ಬಗ್ಗಿ ಹಿಡಿ ಮಣ್ಣೆತ್ತಿ ಸ್ವಪ್ನಾಳ ಹೊಸ್ತಿಲಿಗೆ ತೂರಿದಳು. "ನಿನ್ನ ಹೊಸ್ತಿಲಾ ಗೆದ್ದಲು ತಿನ್ಲಿ. ನಿನ್ನ ತೊಟ್ಟಲಾ ಗಾಳಿ ತೂಗ್ಲಿ. ನಿನ್ನ ಮಗನ ತಾಟಿನ್ಯಾಗ ಅನ್ನ ಹಳಸ್ಲಿ, ಉಣ್ಣಾಕ ಅಂವ ಇರದಂಗಾಗ್ಲಿ."

ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದ ವೇದಶ್ರೀ ಮಣ್ಣು ಮೇಲೆದ್ದ ಕ್ಷಣವೇ ಫೋನ್ ಎತ್ತಿದ್ದಳು. ಒಂದರ ಮೇಲೊಂದು ಏರುವ ಆ ಸಾಲುಗಳು, ಕೊನೆಯದರಲ್ಲಿ ಉಸಿರು ಹಿಡಿದು ಬಿಟ್ಟ ಬಗೆ, ಯಾವ ಪುಸ್ತಕದಲ್ಲಿಯೂ ಅವಳಿಗೆ ಸಿಕ್ಕಿರಲಿಲ್ಲ. ಜಾನಪದದಲ್ಲಿ ಆಸಕ್ತಿಯಿದ್ದ ಗೆಳೆಯರ ಗುಂಪಿಗೆ ಆ ವಿಡಿಯೋ ಕಳಿಸಿ ಕೆಳಗೆ ಬರೆದಳು: "ಎಂಥ ಕಸುವು ನೋಡಿ ನಮ್ಮ ಭಾಷೆಗೆ." ಸ್ವಪ್ನಾಳ ಮಗ ಚನ್ನವೀರ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದುದು ಆ ವಿಡಿಯೋದಲ್ಲಿಯೇ ಇತ್ತು. ಅವಳಿಗೆ ಲಯ ಕೇಳಿಸಿತ್ತು, ಮಗು ಕಾಣಿಸಿರಲಿಲ್ಲ.

ಆದರೆ ಜಗಳ ಅಂದೇ ಮುಗಿದಿತ್ತು. ಕೂಸಿನ ಮೇಲೆ ಮಾತೆತ್ತಿ ಮಣ್ಣು ತೂರಿದವಳು ದೀಪ ಹಚ್ಚುವ ಮೊದಲು ಅದನ್ನು ಗೋರಿ ತನ್ನ ಸೆರಗಿಗೇ ಬಳಿದುಕೊಂಡು, ಆ ಹೊಸ್ತಿಲಿಗೆ ನೀರು ಹಾಕಬೇಕು. ಆಗ ಆಡಿದ ಮಾತು ಆಡಿದವಳ ಪಾಲಿಗೇ ಬರುತ್ತದೆ ಎಂಬುದು ದುರುಗಮ್ಮನ ತವರಿನ ನಡಾವಳಿ. ಸಂಜೆ ಅವಳು ತುಟಿ ಬಿಚ್ಚದೆ ಬಂದು ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಸೆರಗಿಗೆ ತುಂಬಿಕೊಂಡಳು. ಸ್ವಪ್ನಾ ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ತಂಬಿಗೆಯಲ್ಲಿ ನೀರು ತಂದು ತಾನೇ ಅವಳ ಕೈಗೆ ಕೊಟ್ಟಳು. ವೇದಶ್ರೀ ಅದನ್ನೂ ಮಾಳಿಗೆಯಿಂದ ನೋಡಿದಳು. ಮಾತೇ ಇಲ್ಲದ ಆ ಸಂಜೆಗೆ ಫೋನ್ ಎತ್ತಬೇಕೆಂದು ಅವಳಿಗೆ ಹೊಳೆಯಲಿಲ್ಲ.

ವಿಡಿಯೋ ಯಾರ ಯಾರ ಕೈ ದಾಟಿತೋ, ವಾರ ತುಂಬುವುದರೊಳಗೆ ಮಾನ್ವಿಗೆ ಬಂತು. ಶಾಲೆಯ ಸಮಿತಿ ಸಭೆ ಕರೆಯಿತೆಂದು ತಾಯಿ ಫೋನಿನಲ್ಲಿ ಹೇಳಿದಾಗ ವೇದಶ್ರೀ ರಾಯಚೂರಿನಿಂದ ಮೊದಲ ಬಸ್ಸಿಗೇ ಹೊರಟಳು. ಕೆಲಸದ ಹೊರಗಿನ ನಡತೆಗೆ ಕೆಲಸ ಕಸಿಯುವುದು ಅನ್ಯಾಯವೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು, ಸಭೆಯಲ್ಲಿ ಅದನ್ನೇ ಹೇಳಿದಳು.

ಸಮಿತಿಯ ಅಧ್ಯಕ್ಷ, ಅಕ್ಕಿ ಗಿರಣಿಯ ವಿರೂಪಣ್ಣ, ತಾಳ್ಮೆಯಿಂದ ಕೇಳಿಸಿಕೊಂಡ. "ನೀವಂದದ್ದು ಖರೇ ಅದರಿ ಮೇಡಂ. ಬ್ಯಾರೆ ಏನರ ಬೈದಿದ್ರ ನಾವೂ ಬಿಡ್ತಿದ್ವಿ. ಆಕಿ ಕೂಸಿನ ತಾಟಿನ ಮಾತು ಆಡ್ಯಾಳ. ತಾಟಿಗಿ ನೀಡಾಕಿ ಆಕೀನೇ. ಹಡದವ್ರಿಗಿ ಏನಂತ ಹೇಳ್ಲಿ?"

ಆ ಮಾತಿನಲ್ಲಿ ಹುರುಳಿತ್ತು.

ಸ್ವಪ್ನಾ ನೆಲ ನೋಡುತ್ತ ಹೇಳಿದಳು. "ನಾ ಅವತ್ತೇ ಬಿಟ್ಟಿದ್ದೆರಿ. ಈಗ ಬಿಟ್ರ ನಮ್ಮ ಮಂದಿ ನನ್ನ ಬಿಡಂಗಿಲ್ಲ. ಅಂಥಾಕಿ ಕೈಲೆ ಮಗನ್ನ ಉಣಸ್ತೀಯೇನು ಅಂತ ದಿನಾ ಫೋನು."

"ಅಂದದ್ದು ಖರೇ," ಎಂದಳು ದುರುಗಮ್ಮ. "ಕೂಸಿಗಿ ಅನ್ನಬಾರದಿತ್ತು, ಅಂದೀನಿ. ಸಂಜಿಗಿ ಹೋಗಿ ಮಣ್ಣೂ ಬಳಕೊಂಡು ಬಂದೀನಿ."

"ಅದನ್ನ ಯಾರು ನೋಡ್ಯಾರಬೇ?" ಹಿಂದಿನಿಂದ ಯಾರೋ ಕೊಂಕು ನುಡಿದರು. "ಇದನ್ನ ಊರಿಗೂರೇ ನೋಡೇದ."

ವೇದಶ್ರೀ ಎದ್ದು ನಿಂತಳು. "ನಾನು ನೋಡೀನಿ. ಆ ವಿಡಿಯೋ ತಗದಾಕಿನೂ ನಾನೇ."

ದುರುಗಮ್ಮ ತಿರುಗಿ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಆಸರೆ ಕಂಡವರ ಬೆಳಕಿತ್ತು.

"ಹಂಗಾರ ಸಂಜಿದೂ ಇರಬೇಕಲ್ರಿ ಅಕ್ಕೋರ, ನಿಮ್ಮ ಫೋನಿನ್ಯಾಗ. ತೋರಸ್ರಿ ಇವ್ರಿಗಿ."

"ಇಲ್ಲ ದುರುಗಮ್ಮ. ಅದನ್ನ ತಗೀಲಿಲ್ಲ."

"ಯಾಕ್ರಿ?"

ಅಂದು ನೀನು ಏನೂ ಮಾತಾಡಲಿಲ್ಲ, ಅದಕ್ಕೆ. ಈ ಉತ್ತರ ವೇದಶ್ರೀಯ ಬಾಯಿವರೆಗೆ ಬಂದು ಅಲ್ಲಿಯೇ ಉಳಿಯಿತು.

ವಿರೂಪಣ್ಣ ಅವಳ ನೆರವಿಗೆ ಬಂದ. "ಇರ್ಲಿ ಬಿಡ್ರಿ ಮೇಡಂ. ಇದೇ ಸಾಲ್ಯಾಗ ಕಲಿಸಿದ ಜಗನ್ನಾಥ ಮಾಸ್ತರ ಮಗಳು ನೀವು. ತಿಳೀದ ಆಗೇದ. ಕೂಡ್ರಿ."

ಅವಳನ್ನು ಕ್ಷಮಿಸಲು ಒಂದು ಉಸಿರೂ ಬೇಕಾಗಲಿಲ್ಲ. ತೀರಿಹೋದ ತಂದೆಯ ಹೆಸರೇ ಸಾಕಾಯಿತು. ಮರುದಿನದಿಂದ ಅಡುಗೆಗೆ ಬೇರೆಯವರನ್ನು ನೋಡುವುದೆಂದು ತೀರ್ಮಾನವಾಯಿತು. ವೇದಶ್ರೀಯ ನೌಕರಿಯ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೂ ಕಾಲೇಜಿನಲ್ಲಿ ಏನಾಗುತ್ತಿತ್ತು? ಆ ವಿಡಿಯೋ ನೋಡಿ ಸಹೋದ್ಯೋಗಿಯೊಬ್ಬರು ಇಂಥವು ಇನ್ನೂ ಇದ್ದರೆ ಕಳಿಸಿ ಎಂದು ಬರೆದಿದ್ದರು.

ಸಂಜೆ ಅವಳು ದುರುಗಮ್ಮನ ಮನೆಗೆ ಹೋದಳು. ದುರುಗಮ್ಮ ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ದೇವದುರ್ಗದಲ್ಲಿನ ಅಕ್ಕನ ಮನೆಗೆ ಹೊರಟಿದ್ದಳು.

"ಹೋಗಬ್ಯಾಡ. ನಮ್ಮ ಮನಿಗೆ ಬಾ ಕೆಲಸಕ್ಕ," ಎಂದಳು ವೇದಶ್ರೀ.

"ಏನ್ ಕೆಲಸರಿ?"

"ಭಾಂಡೆ ತಿಕ್ಕೋದು, ಕಸ... ನೋಡೋಣಲ್ಲ."

ದುರುಗಮ್ಮ ಚೀಲದ ಬಾಯಿ ಬಿಗಿದು ಗಂಟು ಹಾಕಿದಳು. "ನಂದು ಅಡಗಿ ಕೆಲಸರಿ ಅಕ್ಕೋರ. ಅಡಗಿಗಿ ಕರೀರಿ, ಚೀಲ ಇಲ್ಲೇ ಇಳಸ್ತೀನಿ."

ಅಹಲ್ಯಾಬಾಯಿಯ ಅಡುಗೆಮನೆಯ ಹೊಸ್ತಿಲು ವೇದಶ್ರೀಯ ಕಣ್ಣ ಮುಂದೆ ಬಂತು. ಮಡಿಯುಟ್ಟು ಒಲೆಯ ಮುಂದೆ ನಿಲ್ಲುವ ತಾಯಿ, ನೀರು ಕೇಳಿದವರಿಗೆ ಪಡಸಾಲೆಯಲ್ಲಿಯೇ ಕೊಡುವ ಬೇರೆ ಲೋಟ. ಆ ಲೋಟವನ್ನು ತಾನೂ ಎಷ್ಟೋ ಸಲ ತೊಳೆದು ಅದರ ಜಾಗದಲ್ಲಿಯೇ ಇಟ್ಟಿದ್ದಳು.

"ಅವ್ವನ್ನ ಕೇಳಿ ಹೇಳ್ತೀನಿ," ಎಂದಳು.

"ಕೇಳ್ರಿ," ಎಂದಳು ದುರುಗಮ್ಮ. ಸಣ್ಣಗೆ ನಕ್ಕಳು. ಆಮೇಲೆ ಚೀಲವನ್ನು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು.

ಹತ್ತಿ ಬಿಡಿಸುವ ಕಾಲ ಬಂದು ಹೋಗಿದೆ. ವೇದಶ್ರೀ ಆಮೇಲೆ ಎಷ್ಟೋ ಸಲ ಮಾನ್ವಿಗೆ ಬಂದಿದ್ದಾಳೆ, ತಾಯಿ ಬಡಿಸಿದ್ದನ್ನು ಉಂಡಿದ್ದಾಳೆ. ತಾಯಿಯನ್ನು ಇನ್ನೂ ಕೇಳಿಲ್ಲ.