ಇಮಾಮಸಾಬ ಕಾಕಾನ ಮಾತಿನ ವಹಿಗಳು

ನೆನೆದ ಮೆಂತ್ಯದ ವಾಸನೆ ಮೂಗಿಗೆ ಬಡಿದರೆ ಇಂದಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಎಪ್ಪತ್ತರ ದಶಕದ ಬಿಜಾಪುರ, ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ ನಮ್ಮ ಮಣ್ಣಿನ ಮಾಳಿಗೆಯ ಮನೆ. ಈಗ ಆ ಮನೆಯೂ ಇಲ್ಲ. ಆಗಷ್ಟೇ ಕಾಲೇಜು ಮುಗಿಸಿದ್ದ ಅಕ್ಕನಿಗೆ, ಮಾತು ಜನರನ್ನು ಹೇಗೆ ನಗಿಸುತ್ತದೆ ಎಂಬುದರ ಮೇಲೆ ಒಂದು ಪುಸ್ತಕ ಬರೆಯುವ ಹುಚ್ಚು. ಊರಿನ ಗ್ರಂಥಾಲಯವನ್ನೆಲ್ಲ ಜಾಲಾಡಿದಳು. ಅಳಿಸುವ ನಾಟಕಗಳ ಮೇಲೆ ಕಪಾಟು ತುಂಬ ಪುಸ್ತಕಗಳಿದ್ದವು, ನಗುವಿನ ಮೇಲೆ ನಾಲ್ಕು ಪುಟವೂ ಸಿಗಲಿಲ್ಲ. ಕೊನೆಗೆ ಸಿಕ್ಕವರು ಅಪ್ಪನ ಗೆಳೆಯ, ತಿಕೋಟಾದ ಇಮಾಮಸಾಬ ಕಾಕಾ. ಸುತ್ತಲ ಹಳ್ಳಿಗಳ ನಾಟಕಗಳಿಗೆಲ್ಲ ಅವರೇ ಹಾಸ್ಯಗಾರರು.

ನಾಟಕದ ಪ್ರತಿಯಲ್ಲಿ ಹಾಸ್ಯಗಾರನ ಮಾತು ಒಂದೂ ಇರುತ್ತಿರಲಿಲ್ಲ. "ಇಲ್ಲಿ ಹಾಸ್ಯ" ಎಂದಷ್ಟೇ ಬರೆದು ಮುಂದೆ ಹೋಗುವುದು ರೂಢಿ. ಉಳಿದದ್ದೆಲ್ಲ ಕಾಕಾನ ಬಾಯಿಗೆ ಬಿಟ್ಟದ್ದು. ಬಬಲೇಶ್ವರದ ಸಂತೆ ಮುಗಿಸಿ ಬಂದು ನಮ್ಮ ಕಟ್ಟೆಯ ಮೇಲೆ ಕೂತು ಅವರು ಆ ಮಾತುಗಳನ್ನಾಡಿದರೆ ಓಣಿಯೇ ನೆರೆಯುತ್ತಿತ್ತು. ಅಕ್ಕ ನಗುತ್ತಲೇ ಬರೆದುಕೊಳ್ಳುತ್ತಿದ್ದಳು.

"ಇದನ್ನ ಬರಕೊಂಡು ಏನ್ ಮಾಡ್ತೀಬೇ ತಂಗಿ?"

"ನೀವು ಎಲ್ಲಿ ತಡದು ಮಾತಾಡ್ತೀರಿ, ಮಂದಿ ಎಲ್ಲಿ ನಗ್ತಾರ, ಅದನ್ನ ನೋಡಾಕತ್ತೇನ್ರಿ ಕಾಕಾ."

ಎರಡು ವರ್ಷದಲ್ಲಿ ಐದು ವಹಿ ತುಂಬಿದವು. ಆ ಮಳೆಗಾಲದಲ್ಲಿ ಕಾಕಾ ಜ್ವರ ಬಂದು ತೀರಿಕೊಂಡರು.

ಮರು ಬೇಸಿಗೆಯಲ್ಲಿ ಆಯಿ, ನನ್ನ ಅಜ್ಜಿ, ಎಂದಿನಂತೆ ಬಿದಿರುಬುಟ್ಟಿಗಳ ಸಂದಿಗೆ ರುಬ್ಬಿ ಮೆತ್ತಲು ಮೆಂತ್ಯ ಮತ್ತು ರದ್ದಿ ಕಾಗದ ನೆನೆಹಾಕಿದಳು. ಕಾಗದ ಸಾಲಲಿಲ್ಲ. "ನಿನ್ನ ಹಳೀ ಸಾಲಿ ವಹಿ ಇದ್ರ ತಾ ಬೇ" ಎಂದು ಶಾಲೆಗೆ ಹೋಗುತ್ತಿದ್ದ ನನಗೆ ಹೇಳಿದಳು. ಆಯಿಗೆ ಓದು ಬಾರದು, ನನಗೆ ಬರುತ್ತಿತ್ತು. ಆದರೂ ಗೋಡೆಯ ಮಾಡದಲ್ಲಿದ್ದ ಐದು ವಹಿ ನನ್ನವೇ ಇರಬೇಕೆಂದು ತಂದು, ಒಂದು ಪುಟವನ್ನೂ ನೋಡದೆ, ಹರಿದು ಹರಿದು ನೀರಿಗೆ ಹಾಕಿದೆ. ಅಕ್ಕ ಬರುವಷ್ಟರಲ್ಲಿ ಶಾಯಿಯೆಲ್ಲ ಕರಗಿ ಹೋಗಿತ್ತು.

ಅವಳು ಅಲ್ಲೇ ಕೂತು ಅಳತೊಡಗಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೆದರಿ ನಾನೇ, "ನನಗ ನೆನಪೈತಿ ಅಕ್ಕಾ" ಎಂದು, ಊಟಕ್ಕೆ ಕರೆದ ಧಣಿಗೆ ಆಳು ಹೇಳುವ ಮಾತನ್ನು ಕಾಕಾನಂತೆಯೇ ಮುಖ ಸಪ್ಪೆ ಮಾಡಿ ಒಪ್ಪಿಸಿದೆ: "ನನಗೇನ ಹಸಿವಿ ಇಲ್ರಿ ಧಣ್ಯಾರ. ನಾಕು ರೊಟ್ಟಿ ತಿಂದ್ರ ಇದ್ದದ್ದೂ ಹೋಗತೈತ್ರಿ."

ಅಕ್ಕ ಅಳುತ್ತಿದ್ದವಳು ಫಕ್ಕನೆ ನಕ್ಕಳು. ಕಣ್ಣೊರೆಸಿಕೊಂಡು, ಪೆನ್ನು ತೆಗೆದು, ಆಸೆಯಿಂದ ನನ್ನ ಮುಖ ನೋಡಿ, "ಇನ್ನೊಂದು ಹೇಳ" ಎಂದಳು.

ನನಗೆ ಇನ್ನೊಂದು ಬರುತ್ತಿರಲಿಲ್ಲ.